ನಾಕಾ ಸುಟ್ಟ ಅಣ್ಣ, ನಾಕಾ ಕಾದ ಗಂಡ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ಸೆಪ್ಟೆಂಬರ್ 17ರಂದು, 1948ರಲ್ಲಿ ಹೈದರಾಬಾದ್ ನಿಜಾಮ ಭಾರತಕ್ಕೆ ಸೋಲೊಪ್ಪಿದ ದಿನದ ನೆನಪಿಗೆ, ನಮ್ಮ ಶಾಲೆಯಲ್ಲಿ ಧ್ವಜ ಹಾರಿಸಿ, ಮಕ್ಕಳಿಗೆ ಬೂಂದಿ ಲಾಡು ಹಂಚಿ ಮುಗಿಸಿ ನಾನು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. "ಟೀಚರ್, ಆವಾಗ ನಿಮ್ಮ ಮನಿಯವ್ರು ಯಾವ ಕಡಿ ಇದ್ರು?" ಎಂದು ಕೇಳಿದಳು. ಬೆಳಿಗ್ಗೆ ಅತಿಥಿಗಳು ಭಾಷಣದಲ್ಲಿ ಎರಡು ಕಡೆ ಮಾಡಿ ಹೇಳಿದ್ದರು. ದೇಶದ ಕಡೆಯವರು ಒಂದು, ನಿಜಾಮನ ಕಡೆಯವರು ಒಂದು. ಮಗು ಅದನ್ನೇ ಕೇಳಿತು, ಅವಳದೇನೂ ತಪ್ಪಿಲ್ಲ. "ನಾಳೆ ಹೇಳ್ತೀನಿ" ಅಂದೆ. ಮೂರು ವಾರ ಆಯಿತು, ಇನ್ನೂ ಹೇಳಿಲ್ಲ. ಅವಳಿಗೆ ಹೇಳಬೇಕಾದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಕಲಬುರಗಿಯಲ್ಲಿ ಇರುವವಳು. ನಮ್ಮ ಮೂಲ ಊರು ಆಳಂದ ತಾಲೂಕಿನಲ್ಲಿದೆ, ಅಕ್ಕಲಕೋಟದ ಗಡಿಗೆ ಹತ್ತಿರ. ಊರ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಈಗಿನ ಮಕ್ಕಳಿಗೆ ಅದು ಮಹಾರಾಷ್ಟ್ರದ ಗಡಿ ಅಷ್ಟೇ. 1947ರ ಆಗಸ್ಟ್ 15ರಿಂದ ಮುಂದಿನ ವರ್ಷ ಸೆಪ್ಟೆಂಬರ್‌ವರೆಗೆ ಅದು ಎರಡು ದೇಶಗಳ ಗಡಿ ಇದ್ದ ಹಾಗೆ ಇತ್ತು. ಆಚೆ ಸೋಲಾಪುರದಲ್ಲಿ ತಿರಂಗಾ, ಈಚೆ ನಮ್ಮಲ್ಲಿ ಆಸಫ್‌ಜಾಹಿ ಬಾವುಟ. ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಕನ್ನಡದವು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಒಂದು ವರ್ಷಕ್ಕೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಆ ಯಥಾಸ್ಥಿತಿ ಕಾಗದದ ಮೇಲೆ ಮಾತ್ರ ಇತ್ತು. ಹಳ್ಳಿಗಳಲ್ಲಿ ನಿಜಾಮನ ಪರ ನಿಂತ ಖಾಸಗಿ ಪಡೆ, ಖಾಸಿಂ ರಜ್ವಿಯ ರಜಾಕಾರರು, ಬಂದೂಕು, ಬರ್ಚಿ ಹಿಡಿದು ತಿರುಗುತ್ತಿದ್ದರು. ಗಡಿ ಆಚೆ, ಭಾರತಕ್ಕೆ ಸೇರಬೇಕು ಅಂತ ಹೋರಾಡುತ್ತಿದ್ದ ಸ್ಟೇಟ್ ಕಾಂಗ್ರೆಸ್ಸಿನ ಹುಡುಗರು ಶಿಬಿರ ಹಾಕಿದ್ದರು. ಮುಂಡರಗಿ ಶಿಬಿರದ ಹೆಸರು ಎಲ್ಲರೂ ಕೇಳಿದ್ದಾರೆ, ಹಾಗೇ ಸೋಲಾಪುರದ ಕಡೆಯೂ ಇದ್ದವು. ಆ ಹುಡುಗರು ರಾತ್ರಿ ಗಡಿ ದಾಟಿ ಬಂದು ಪೊಲೀಸ್ ಠಾಣೆ, ಕರೋಡಗಿರಿ ನಾಕಾ ಸುಟ್ಟು ವಾಪಸ್ ಹೋಗುತ್ತಿದ್ದರು.

ಕರೋಡಗಿರಿ ಅಂದರೆ ನಿಜಾಮ ಸರ್ಕಾರದ ಸುಂಕದ ಇಲಾಖೆ. ಗಡಿ ದಾಟುವ ಸಾಮಾನಿಗೆ ನಾಕಾದಲ್ಲಿ ಸುಂಕ ಕಟ್ಟಬೇಕಿತ್ತು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅಂಥ ಒಂದು ನಾಕಾದಲ್ಲಿ ಜವಾನ. ಪಗಾರ ನಿಜಾಮನ ನಾಣ್ಯದಲ್ಲಿ, ಹಾಲಿ ಸಿಕ್ಕಾ ರೂಪಾಯಿಯಲ್ಲಿ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ, ಬಿಲ್ಲೆ ಮೇಲೆ ಉರ್ದು ಅಕ್ಷರ.

ಆಯಿಯ, ಅಂದರೆ ಮುತ್ಯಾನ ಹೆಂಡತಿಯ, ಅಣ್ಣ ಗಡಿ ಆಚೆಯ ಶಿಬಿರದಲ್ಲಿದ್ದ.

ಇಷ್ಟು ಹೇಳಿದರೆ ಸಾಕಲ್ವಾ, ನಾನು ಆ ಹುಡುಗಿಗೆ ಯಾಕೆ ಉತ್ತರ ಕೊಡಲಿಲ್ಲ ಅಂತ.

ಆಯಿಗೆ ಆಗ ಹದಿನೇಳು ವರ್ಷ. ಮದುವೆ ಆಗಿ ಎರಡು ವರ್ಷ ಆಗಿತ್ತು. ನಾವು ಮೊಮ್ಮಕ್ಕಳು ಕೇಳುವ ಕಾಲಕ್ಕೆ ಅವಳಿಗೆ ವಯಸ್ಸಾಗಿತ್ತು, ಹಲ್ಲು ಹೋಗಿದ್ದವು, ಆದರೂ ಮುತ್ಯಾನ ಮಾತು ಬಂದರೆ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. "ಪಾಳಿ ಮುಗಿಸಿ ಎರಡು ಹರದಾರಿ ನಡಕೊಂಡು ಬರ್ತಿದ್ರು. ಬಂದ ಕೂಡ್ಲೆ ನೀರ ಕೇಳ್ತಿರ್ಲಿಲ್ಲ. ಬಾಗಲ್ದಾಗ ನಿಂತು ಮೊದ್ಲು ನನ್ನ ಮಾರಿ ನೋಡ್ತಿದ್ರು" ಅನ್ನುತ್ತಿದ್ದಳು. ಆ ಕಾಲದಲ್ಲಿ ಗಂಡ ಹೆಂಡತಿ ಎಲ್ಲರೆದುರು ಮಾತಾಡುವುದೇ ಕಮ್ಮಿ. ಅತ್ತೆ ಇರುವ ಮನೆ. ಆದರೂ ಆಳಂದದ ಉರುಸಿಗೆ ಹೋದಾಗ ಮುತ್ಯಾ ಬಳೆ ತಂದು ಕಣಜದ ಹಿಂದೆ ಇಟ್ಟಿರುತ್ತಿದ್ದ. ಅಲ್ಲಿಗೆ ಜೋಳ ತೆಗೆಯಲು ಹೋಗುವವಳು ಆಯಿ ಒಬ್ಬಳೇ ಅಂತ ಅವನಿಗೆ ಗೊತ್ತಿತ್ತು.

ಅದೇ ಸೊಸೆ ರಾತ್ರಿ ಹಿತ್ತಲ ಬಾಗಿಲಲ್ಲಿ ಅಣ್ಣನಿಗೆ ರೊಟ್ಟಿ ಕಟ್ಟಿ ಕೊಡುತ್ತಿದ್ದಳು. ಅಣ್ಣ ತಿಂಗಳಿಗೆ ಒಮ್ಮೆಯೋ ಎರಡು ಸಲವೋ ಗಡಿ ದಾಟಿ ಬರುತ್ತಿದ್ದ. ಜತೆಗೆ ನಾಲ್ಕೈದು ಹುಡುಗರು ಕಬ್ಬಿನ ಹೊಲದಲ್ಲಿ ಕೂತಿರುತ್ತಿದ್ದರು. ಒಣ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಒಂದು ದಿನ ಮುತ್ಯಾ ಊಟಕ್ಕೆ ಕೂತಾಗ ಬುಟ್ಟಿಯಲ್ಲಿ ಎರಡೇ ರೊಟ್ಟಿ ಉಳಿದಿದ್ದವು. ಬೆಳಿಗ್ಗೆ ಆಯಿ ಹದಿನೈದು ಬಡಿದದ್ದನ್ನು ಅವನೇ ನೋಡಿದ್ದ. ಬುಟ್ಟಿ ನೋಡಿದ, ಆಯಿಯ ಮುಖ ನೋಡಿದ. ಒಂದು ರೊಟ್ಟಿ ತಿಂದು, "ಹೊಟ್ಟಿ ತುಂಬ್ತು, ಇನ್ನೊಂದು ನೀ ತಿನ್ನು" ಎಂದು ಎದ್ದುಹೋದ. ಕೇಳಿದ್ದರೆ ಆಯಿ ಹೇಳಬೇಕಾಗುತ್ತಿತ್ತು. ಹೇಳಿದ್ದರೆ ಅವನು ಸರ್ಕಾರಿ ಜವಾನ ಆಗಿ ಏನಾದರೂ ಮಾಡಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ. ನಾನು ಪ್ರೀತಿ ಬಗ್ಗೆ ಏನೇನೋ ಓದಿದ್ದೇನೆ, ಈ ಒಂದು ರೊಟ್ಟಿಯ ಮುಂದೆ ಅದೆಲ್ಲ ನನಗೆ ಸಣ್ಣದಾಗಿ ಕಾಣುತ್ತದೆ.

ಈಗ ಮೂರನೆಯವರ ಬಗ್ಗೆ ಹೇಳಬೇಕು. ಮುತ್ಯಾನ ಜತೆ ನಾಕಾದಲ್ಲಿ ಇನ್ನೊಬ್ಬ ಜವಾನರಿದ್ದರು, ಮುಸ್ಲಿಮರು. ಮುತ್ಯಾ ಅವರಿಗೆ ಭಾಯಿ ಅನ್ನುತ್ತಿದ್ದ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವರ ಹೆಂಡತಿ ಆಯಿಗೆ ಆಪಾ, ಅಂದರೆ ಅಕ್ಕ. ನಮ್ಮ ಕಡೆ ಇದು ದೊಡ್ಡ ಸುದ್ದಿಯೇನಲ್ಲ. ಮೊಹರಂ ಬಂದರೆ ಅಲಾಯಿ ಕುಣಿ ಸುತ್ತ ಕುಣಿಯುವವರಲ್ಲಿ ನಮ್ಮವರೇ ಜಾಸ್ತಿ. ಕಲಬುರಗಿಯಲ್ಲಿ ಶರಣಬಸಪ್ಪನ ಜಾತ್ರೆಗೆ ಹೋದವರೇ ಬಂದೇ ನವಾಜರ ಉರುಸಿಗೂ ಹೋಗುತ್ತಾರೆ. ನಮ್ಮ ಮಾಡ್ಯಾಳದಿಂದ ಜಂಗಮರು ಇವತ್ತಿಗೂ ಬೀದರದ ಅಷ್ಟೂರಿಗೆ ಹೋಗುತ್ತಾರೆ, ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹನನ್ನು ಅಲ್ಲಮಪ್ರಭು ಅಂತ ಪೂಜಿಸುತ್ತಾರೆ. ಇಂಥ ನಾಡಿನಲ್ಲಿ ಗೋಡೆ ಆಚೆ ಒಬ್ಬ ಆಪಾ ಇರುವುದು ಸಾಮಾನ್ಯ. ಮುತ್ಯಾ ಮತ್ತು ಭಾಯಿ ಪಾಳಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಅಮಾವಾಸ್ಯೆ ದಿನ ಮುತ್ಯಾ ಪೂಜೆಗೆ ಮನೆಯಲ್ಲಿರಬೇಕು, ಅವತ್ತು ಭಾಯಿ ನಾಕಾ ಕಾಯುತ್ತಿದ್ದರು. ಈದ್ ದಿನ, ಶುಕ್ರವಾರ ಮಧ್ಯಾಹ್ನ, ಮುತ್ಯಾ.

1948ರ ಯುಗಾದಿ ಹತ್ತಿರ ಬಂದಾಗ ಅಣ್ಣ ಒಂದು ರಾತ್ರಿ ಬಂದು, "ನಾಕಾ ಸುಡೂದದ. ಭಾವ ಎಂದು ಇರಂಗಿಲ್ಲ ಹೇಳು" ಎಂದು ಕೇಳಿದ. ಅವನಿಗೂ ತಂಗಿಯ ಕುಂಕುಮದ ಚಿಂತೆ ಇತ್ತು, ಅದಕ್ಕೇ ಕೇಳಿದ. ಆಯಿ ಅಳಲಿಲ್ಲ, ಯೋಚನೆಯನ್ನೂ ಮಾಡಲಿಲ್ಲವಂತೆ. "ಅಮಾಸಿ ದಿನ ಬರ್ರಿ" ಅಂದಳು.

ಆ ದಿನ ನಾಕಾದಲ್ಲಿ ಯಾರಿರುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ಇದನ್ನು ಅವಳು ನನಗೆ ಹೇಳಿದ್ದು 1998ರಲ್ಲಿ, ಐವತ್ತು ವರ್ಷ ಆದ ಮೇಲೆ. ಬಾಣಂತನಕ್ಕೆ ಊರಿಗೆ ಹೋಗಿದ್ದೆ. ಮಧ್ಯರಾತ್ರಿ ಕೂಸು ಅಳುತ್ತಿತ್ತು, ಆಯಿ ಕಾಲ ಮೇಲೆ ಹಾಕಿಕೊಂಡು ತಟ್ಟುತ್ತ ಹೇಳಿದಳು. "ನಮ್ಮ ಪೂಜಾಕ್ಕಂತ ಅವ್ರು ಬಿಟ್ಟುಕೊಟ್ಟ ದಿನ ಅದು. ಆ ದಿನಾನೇ ನಾ ಬೆಂಕಿ ಕಳಿಸ್ದೆ. ನನಗ ಮನಿಯವ್ರು ಒಬ್ರೇ ಕಂಡ್ರು, ಅವ್ರು ಕಾಣ್ಲಿಲ್ಲ." ನಾನು ಏನೂ ಅನ್ನಲಿಲ್ಲ. ಕೂಸು ಮಲಗಿದ ಮೇಲೂ ಅವಳು ತಟ್ಟುತ್ತಲೇ ಇದ್ದಳು.

ಭಾಯಿ ಸಾಯಲಿಲ್ಲ. ಉರಿಯುವ ಮಾಡು ಬೀಳುವ ಮೊದಲು ಹಿಂದಿನ ಕಿಟಕಿಯಿಂದ ಹಾರಿದರು. ಕಾಲು ಮುರಿಯಿತು, ಎಡಗೈ ಸುಟ್ಟಿತು. ಅವರನ್ನು ಬಂಡಿಯಲ್ಲಿ ಹಾಕಿಕೊಂಡು ಆಳಂದಕ್ಕೆ ಒಯ್ದವನು ಮುತ್ಯಾ. ಕಾಲು ಕೂಡಿತು, ಆದರೆ ಸೊಟ್ಟ ಕೂಡಿತು. ಮುಂದೆ ಈ ಕಾಲೇ ಎಲ್ಲದಕ್ಕೂ ಕಾರಣ ಆಯಿತು.

ತನಿಖೆಗೆ ಪೊಲೀಸ್ ಅಮೀನ ಬಂದ. ಊರಲ್ಲಿ ಯಾರ ಯಾರ ಸಂಬಂಧಿಕರು ಶಿಬಿರದಲ್ಲಿದ್ದಾರೆ ಅಂತ ಮನೆ ಮನೆ ಕೇಳಿದ. ನಮ್ಮ ಕಟ್ಟೆ ಮೇಲೆ ಕೂತು ಮುತ್ಯಾನಿಗೆ, "ನಿನ್ನ ಹೆಂಡತಿಯ ತವರು ಯಾವುದು?" ಎಂದು ಕೇಳಿದ. ಆಯಿ ಬಾಗಿಲ ಹಿಂದೆ ನಿಂತಿದ್ದಳು. ಮುತ್ಯಾ ಹೇಳಿದ, "ನನ್ನ ಹೆಂಡ್ತಿಗೆ ತವರಮನಿ ಇಲ್ಲ ಸಾಬ್. ಎಲ್ಲಾರೂ ಪ್ಲೇಗಿನಾಗ ಹೋದ್ರು."

ಆ ಒಂದು ಸುಳ್ಳಿನಿಂದ ಆಯಿ ಉಳಿದಳು, ಮನೆ ಉಳಿಯಿತು. ಸಿಕ್ಕಿಬಿದ್ದಿದ್ದರೆ ಮುತ್ಯಾನ ಗತಿ ಏನಾಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ಹೆಣ್ಣುಮಗಳು ತನ್ನ ಕಿವಿಯಿಂದ ಆ ಮಾತು ಕೇಳುವುದು ಎಂಥದ್ದು ಅಂತ ಯೋಚಿಸಿ. ಅಪ್ಪ ಅವ್ವ ಇಬ್ಬರೂ ಮೂರು ಊರಾಚೆ ಜೀವಂತ ಇದ್ದಾರೆ. ಆ ಸುಳ್ಳು ನಿಲ್ಲಬೇಕು ಅಂದರೆ ಇನ್ನು ತವರಿಗೆ ಹೋಗುವಂತಿಲ್ಲ, ಅವರು ಬರುವಂತಿಲ್ಲ. ಆ ರಾತ್ರಿ ಮುತ್ಯಾ ಒಂದೇ ಸಲ ಕೇಳಿದ, "ನಿನಗ ಗೊತ್ತಿತ್ತೇನು?" ಆಯಿ "ಹೂಂ" ಅಂದಳು. ಅವನು ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿದ. ಹನ್ನೆರಡು ದಿನ ಅಲ್ಲೇ ಮಲಗಿದ. ಹದಿಮೂರನೇ ದಿನ ಒಳಗೆ ಬಂದ. ಆ ಹನ್ನೆರಡು ದಿನ ಏನು ಯೋಚಿಸಿದ ಅಂತ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಮುಂದಿನ ತಿಂಗಳು ಗೋರ್ಟಾದ ಸುದ್ದಿ ಬಂತು. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಇನ್ನೂರರಷ್ಟು ಜನರನ್ನು ಕೊಂದರು ಅಂತ ಹೇಳುತ್ತಾರೆ. ಅಲ್ಲಿ ಈಗ ಸ್ಮಾರಕ ಆಗಿದೆ, ಆಗಲೇಬೇಕಿತ್ತು, ತಡವಾಗಿ ಆಯಿತು. ಆ ಸುದ್ದಿ ಕೇಳಿದ ದಿನ ಮುತ್ಯಾ ಬಿಲ್ಲೆ ಬಿಚ್ಚಿ ಗೂಟಕ್ಕೆ ತೂಗುಹಾಕಿದ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಮತ್ತೆ ಕಟ್ಟಿಕೊಂಡ. ಮನೆಯಲ್ಲಿ ಏಳು ಜನ, ಹೊಲ ನಾಲ್ಕು ಎಕರೆ. ಅದಲ್ಲದೆ ನೌಕರಿ ಬಿಟ್ಟರೆ ಅಮೀನನ ಕಣ್ಣು ಮತ್ತೆ ಆಯಿಯ ಮೇಲೆ ಬೀಳುತ್ತಿತ್ತು. ಅವನನ್ನು ನಿಜಾಮನ ಕಡೆ ಅನ್ನುವವರು ಈ ಮೂರನೇ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ವರ್ಷ ರಂಜಾನ್ ಈದ್ ಮತ್ತು ನಾಗರ ಪಂಚಮಿ ಒಂದೇ ವಾರದಲ್ಲಿ ಬಂದಿದ್ದವು. ಆಪಾ ಗೋಡೆ ಮೇಲಿಂದ ಸುರಕುಂಬಾ ಕೊಟ್ಟರು. ಆಯಿ ಅಳ್ಳು, ಉಂಡಿ ಕೊಟ್ಟಳು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ, ಅಣ್ಣಂದಿರು ಬಂದು ಕರೆದೊಯ್ಯುವ ಹಬ್ಬ. ತವರಿಲ್ಲದ ಆಯಿ ಮನೆಯಲ್ಲೇ ಇದ್ದಳು. ಆಪಾ ಅವಳ ತಲೆ ಬಾಚಿ ಹೂ ಮುಡಿಸಿ, "ನಾನೇ ನಿನ್ನ ತವರು ಅಂತ ತಿಳ್ಕೋ" ಅಂದರಂತೆ. ಗೋಡೆ ಆಚೆ ಅವರ ಗಂಡ ಸೊಟ್ಟ ಕಾಲು ಚಾಚಿ ಕೂತಿದ್ದರು. ಆಯಿಗೆ ಸುರಕುಂಬಾ ಗಂಟಲಲ್ಲಿ ಇಳಿಯಲಿಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. ಸೋಲಾಪುರದಿಂದ ನಳದುರ್ಗ, ರಾಜೇಶ್ವರ, ಹುಮನಾಬಾದ್ ದಾರಿ ಹಿಡಿದು ಹೋಯಿತು. ಐದು ದಿನಕ್ಕೆ ಎಲ್ಲ ಮುಗಿಯಿತು. 17ರ ಸಂಜೆ ನಿಜಾಮ ಸೋಲೊಪ್ಪಿದ, ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಯವರಿಗೆ ಶರಣಾದ. ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ನಾವು ಶಾಲೆಯಲ್ಲಿ ಇಲ್ಲಿಗೇ ಮುಗಿಸುತ್ತೇವೆ. ಲಾಡು ಹಂಚುತ್ತೇವೆ.

ನಮ್ಮ ಹಳ್ಳಿಗಳಲ್ಲಿ ಅದು ಅಲ್ಲಿಗೆ ಮುಗಿಯಲಿಲ್ಲ. ಹಿರಿಯರು "ಗದ್ಲ" ಅನ್ನುವಾಗ ಎರಡನ್ನೂ ಸೇರಿಸಿಯೇ ಹೇಳುತ್ತಾರೆ, ರಜಾಕಾರರದ್ದೂ, ಆಮೇಲಿನದ್ದೂ. ಸೈನ್ಯ ಮುಂದೆ ಹೋದ ಮೇಲೆ ಹಿಂದಿನಿಂದ ಮುಸ್ಲಿಮರನ್ನು ಹುಡುಕುತ್ತ ಗುಂಪುಗಳು ಬಂದವು. ರಜಾಕಾರರು ಯಾವಾಗಲೋ ಓಡಿಹೋಗಿದ್ದರು, ಸಿಕ್ಕವರು ಓಡಲಾಗದವರು. 1948ರ ಕೊನೆಯಲ್ಲಿ ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಇದ್ದ ಸಮಿತಿಯನ್ನು ಕಳಿಸಿತು. ಸಂಸ್ಥಾನದಲ್ಲಿ ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತರು ಅಂತ ಆ ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಮ್ಮಿ ಇಲ್ಲ ಅಂತ ಬರೆದರು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಎಷ್ಟೋ ಕಡೆ ಹಿಂದೂಗಳು ಜೀವ ಒತ್ತೆ ಇಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದರು, ನೇಕಾರರು ನೇಕಾರರಿಗಾಗಿ ಗುಂಪಿಗೆ ಎದುರು ನಿಂತು ಸತ್ತರು ಅಂತ.

ಭಾಯಿ ಓಡಲಾಗಲಿಲ್ಲ. ಆ ಕಾಲು. ಊರಿನ ಉಳಿದ ಮೂರು ಮುಸ್ಲಿಂ ಮನೆಯವರು ರಾತ್ರೋರಾತ್ರಿ ಹೊರಟುಹೋದರು, ಇವರು ಉಳಿದರು. ಮುತ್ಯಾ ಗೋಡೆಗೆ ಗುದ್ದಲಿ ಹಾಕಿ ಆಳು ನುಸುಳುವಷ್ಟು ಕಿಂಡಿ ಮಾಡಿದ. ಭಾಯಿ, ಆಪಾ, ಮೂವರು ಮಕ್ಕಳು ನಮ್ಮ ಹೊಟ್ಟಿನ ಕೋಣೆಗೆ ಬಂದರು. ಮುಂದೆ ತೊಗರಿ ಹೊಟ್ಟಿನ ಚೀಲ ಒಟ್ಟಿದರು. ಹನ್ನೊಂದು ದಿನ. ಸಣ್ಣ ಕೂಸು ಅತ್ತರೆ ಆಯಿ ಅಡುಗೆಮನೆಯಲ್ಲಿ ಬೀಸುಕಲ್ಲು ತಿರುಗಿಸುತ್ತಿದ್ದಳು, ಸದ್ದು ಹೊರಗೆ ಕೇಳಬಾರದು ಅಂತ. ಬೀಸಲು ಜೋಳ ಇಲ್ಲದಾಗ ಖಾಲಿ ಕಲ್ಲನ್ನೇ ತಿರುಗಿಸಿದಳು.

ನಾಲ್ಕನೇ ದಿನ ಗುಂಪು ಬಂತು. ಮುಂದೆ ಆಯಿಯ ಅಣ್ಣ ಇದ್ದ. ಕೈಯಲ್ಲಿ ತಿರಂಗಾ, ಹೆಗಲಲ್ಲಿ ಬಂದೂಕು. ಒಂದು ವರ್ಷದ ನಂತರ ತಂಗಿಯ ಮನೆ ಮುಂದಿನ ಬಾಗಿಲಿಂದ ಬಂದಿದ್ದ. ಅವನ ಹಿಂದೆ ಇದ್ದವರೆಲ್ಲ ಶಿಬಿರದವರಲ್ಲ. ಶಿಬಿರ ಎಲ್ಲಿತ್ತು ಅಂತಲೂ ತಿಳಿಯದವರು, ಲೂಟಿಗೆ ಸೇರಿಕೊಂಡವರು ಬಹಳ ಇದ್ದರು. ಪಕ್ಕದ ಮನೆ ಖಾಲಿ ಇದೆ, ಒಲೆ ಬಿಸಿ ಇದೆ, ಇವರೆಲ್ಲಿ ಅಂತ ಕೇಳಿದರು. ಅಣ್ಣ, "ಒಳಗ ಯಾರದಾರ?" ಅಂದ.

ಮುತ್ಯಾ ಬಾಯಿ ತೆರೆಯುವ ಮೊದಲು ಆಯಿ ಹೊಸ್ತಿಲಿಗೆ ಬಂದಳು. ಆ ಕಾಲದ ಸೊಸೆ, ಗಂಡಸರ ಗುಂಪಿನ ಎದುರು, ತಲೆ ಮೇಲೆ ಸೆರಗಿಲ್ಲದೆ. "ನನಗ ತವರಮನಿ ಇಲ್ಲಂತ ಇವ್ರು ಸುಳ್ಳ ಹೇಳ್ಯಾರ. ನೀ ಈ ಹೊಸ್ತಿಲ ದಾಟ್ರ ಅದು ಖರೆ ಆಗ್ತದ" ಅಂದಳು.

ಅಣ್ಣ ದಾಟಲಿಲ್ಲ. ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದೂಕು ಕೆಳಗಿಟ್ಟು ಕಟ್ಟೆ ಮೇಲೆ ಕೂತು ನೀರು ಕೇಳಿದ. "ಇದು ನಮ್ಮ ತಂಗಿ ಮನಿ, ನೀವು ನಡೀರಿ" ಎಂದು ಉಳಿದವರನ್ನು ಕಳಿಸಿದ. ಅವರು ಹೋಗುವಾಗ ಪಕ್ಕದ ಮನೆಯ ಪಾತ್ರೆ, ಆಡು, ಕೊನೆಗೆ ಬಾಗಿಲನ್ನೂ ಒಯ್ದರು. ಅದನ್ನು ಅವನು ತಡೆಯಲಿಲ್ಲ, ತಡೆಯಲು ಆಗಲಿಲ್ಲವೋ ಏನೋ. ಆದರೆ ಉಳಿದ ಎಂಟು ರಾತ್ರಿ ಅದೇ ಕಟ್ಟೆ ಮೇಲೆ ಮಲಗಿದ. ಒಳಗೆ ಯಾರಿದ್ದಾರೆ ಅಂತ ಮತ್ತೆ ಕೇಳಲಿಲ್ಲ. ಅವನು ಸುಟ್ಟ ನಾಕಾದಿಂದ ಹಾರಿದವರನ್ನು ಎಂಟು ರಾತ್ರಿ ಅವನೇ ಕಾದ. ಹನ್ನೆರಡನೇ ದಿನ ನಸುಕಿನಲ್ಲಿ ಮುತ್ಯಾ ಬಂಡಿ ಹೂಡಿ, ಮೇಲೆ ಕಣಕಿ ಹೇರಿ, ಅವರನ್ನು ಗುಲ್ಬರ್ಗಕ್ಕೆ ತಂದು ದರ್ಗಾ ಹತ್ತಿರದ ಅವರ ಸಂಬಂಧಿಕರ ಮನೆಗೆ ಬಿಟ್ಟ. ಅಲ್ಲಿಂದ ಅವರು ಹೈದರಾಬಾದಿಗೆ ಹೋದರು ಅಂತ ಸುದ್ದಿ ಬಂತು. ಮತ್ತೆ ಊರಿಗೆ ಬರಲಿಲ್ಲ.

ಅಮಾವಾಸ್ಯೆಯ ವಿಷಯ ಆಪಾನಿಗೆ ಆಯಿ ಹೇಳಲೇ ಇಲ್ಲ. ಹನ್ನೊಂದು ದಿನ ಒಂದೇ ಮನೆಯಲ್ಲಿದ್ದರು. "ಹೇಳ್ಬೇಕಂತ ದಿನಾ ಬಾಯಿಗಿ ಬರ್ತಿತ್ತು. ಆದ್ರ ಹೇಳಿದ್ರ ಅವ್ರು ನಮ್ಮ ಮನ್ಯಾಗ ಹ್ಯಾಂಗ ಉಣ್ತಿದ್ರು?" ಅಂದಳು.

ಈಗ ಆಮೇಲೆ ಆದದ್ದನ್ನು ಬೇಗ ಹೇಳುತ್ತೇನೆ. ಅಣ್ಣನನ್ನು ಎಲ್ಲರೂ ಸ್ವಾತಂತ್ರ್ಯ ಮುತ್ಯಾ ಅಂದರು. 1972ರಲ್ಲಿ ತಾಮ್ರಪತ್ರ ಬಂತು, ಪಿಂಚಣಿ ಬಂತು. ಅವನು ಅದಕ್ಕೆ ಪೂರ್ತಿ ಅರ್ಹ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಮನೆ ಬಿಟ್ಟು ಜೀವ ಕೈಯಲ್ಲಿ ಹಿಡಿದು ಹೋದವರು ಅವರೆಲ್ಲ, ಅವರಿಲ್ಲದಿದ್ದರೆ ನಾವು ಇವತ್ತು ಎಲ್ಲಿರುತ್ತಿದ್ದೆವೋ. ಮುತ್ಯಾನ ನೌಕರಿ ಹೋಯಿತು. "ನಿಜಾಮನ ಚಾಕರ" ಅಂತ ಸಾಯುವವರೆಗೂ ಊರಲ್ಲಿ ಅನ್ನಿಸಿಕೊಂಡ. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ನಿಜಾಮನೇ 1950ರಲ್ಲಿ ರಾಜಪ್ರಮುಖ, ಅಂದರೆ ರಾಜ್ಯಪಾಲರಂಥ ಮುಖ್ಯಸ್ಥ, ಆದ, 1956ರವರೆಗೂ ಇದ್ದ. ಖಾಸಿಂ ರಜ್ವಿ 1957ರಲ್ಲಿ ಜೈಲಿನಿಂದ ಹೊರಬಂದು ಪಾಕಿಸ್ತಾನಕ್ಕೆ ಹೊರಟುಹೋದ. ಚಾಕರ ಅನ್ನಿಸಿಕೊಂಡವನು ನಾಲ್ಕು ಎಕರೆಯ ನನ್ನ ಮುತ್ಯಾ. ರಜಾಕಾರ ಅನ್ನಿಸಿಕೊಂಡು ಮನೆ ಬಾಗಿಲನ್ನೂ ಕಳೆದುಕೊಂಡವರು ಸೊಟ್ಟ ಕಾಲಿನ ಭಾಯಿ. ಅವರು ಯಾವತ್ತೂ ರಜಾಕಾರರ ಕಡೆ ತಲೆ ಹಾಕಿದವರಲ್ಲ. ಇಂಥವರು ಅವರೊಬ್ಬರೇ ಅಲ್ಲ. ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರಬೇಕು ಅಂತ ಬರೆದರು ಅಂತಲೇ 1948ರ ಆಗಸ್ಟ್‌ನಲ್ಲಿ ರಜಾಕಾರರು ಕೊಂದರು. ನಿಮ್ಮ ವೃತ್ತಿಯವರೇ. ಅವರ ಹೆಸರನ್ನು ನಮ್ಮ ಜಿಲ್ಲೆಯ ಯಾವ ವೇದಿಕೆ ಮೇಲೂ ನಾನು ಕೇಳಿಲ್ಲ.

ನಮ್ಮ ಮನೆಯ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಸುಮ್ನೆ ನಮ್ಮ ದೊಡ್ಡಸ್ತಿಕೆಯ ಕತೆ ಆಗುತ್ತದೆ. ಆ ಮಣ್ಣಿನ ಗೋಡೆ ಮಳೆಗೆ ಬಿತ್ತು. ಯಾರೂ ಕಟ್ಟಲಿಲ್ಲ. ಮೊದಲು ನಮ್ಮ ದನ ಆ ಜಾಗದಲ್ಲಿ ನಿಂತವು, ಆಮೇಲೆ ಬಣವೆ ಬಂತು, ಈಗ ನಮ್ಮ ದೊಡ್ಡಪ್ಪನ ಮಕ್ಕಳ ಟ್ರ್ಯಾಕ್ಟರ್ ಅಲ್ಲಿ ನಿಲ್ಲುತ್ತದೆ. ಕಾಗದ ಯಾರ ಹೆಸರಲ್ಲಿದೆ ಅಂತ ಕೇಳಿದರೆ ಮಾತು ಬದಲಾಯಿಸುತ್ತಾರೆ. ಆಯಿ ಇರುವವರೆಗೂ ಆ ಜಾಗಕ್ಕೆ "ಆಪಾನ ಮನಿ" ಅಂತಲೇ ಅಂದಳು. ಅವಳು 2004ರಲ್ಲಿ ತೀರಿಕೊಂಡಳು.

ನಾನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಪ್ರತಿ ಸೆಪ್ಟೆಂಬರಿನಲ್ಲಿ ನನ್ನ ಫೋನಿಗೆ ಎರಡು ಥರದ ಮೆಸೇಜ್ ಬರುತ್ತವೆ. ಒಂದರಲ್ಲಿ ಗೋರ್ಟಾ ಮಾತ್ರ ಇರುತ್ತದೆ. ಇನ್ನೊಂದರಲ್ಲಿ ಸುಂದರಲಾಲ್ ವರದಿ ಮಾತ್ರ. ಎರಡನ್ನೂ ಒಂದೇ ಬಾಯಿಂದ ಹೇಳುವವರು ಕಮ್ಮಿ ಆಗುತ್ತಿದ್ದಾರೆ. ನಮ್ಮ ಆಯಿ ಹೇಳುತ್ತಿದ್ದಳು. ಓದು ಬರಹ ಬಾರದವಳು. ಗೋರ್ಟಾದ ಹೆಸರು ತೆಗೆದರೆ ಅಳುತ್ತಿದ್ದಳು, ಆಪಾನ ಹೆಸರು ತೆಗೆದರೂ ಅಳುತ್ತಿದ್ದಳು. ಹಳೇ ಗಾಯ ಯಾಕೆ ಕೆದರುತ್ತೀರಿ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ, ವರ್ಷಕ್ಕೊಮ್ಮೆ ಮೈಕ್ ಹಿಡಿದು ಅರ್ಧ ಗಾಯ ಕೆದರುತ್ತಲೇ ಇದ್ದೇವೆ, ಪೂರ್ತಿ ತೋರಿಸಿದರೆ ತಪ್ಪೇನು?

ಆ ಗದ್ದಲವನ್ನು ಬುದ್ಧಿ ಬಲ್ಲ ವಯಸ್ಸಿನಲ್ಲಿ ಕಂಡವರು ಈಗ ತೊಂಬತ್ತು ದಾಟಿದ್ದಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೂ ಕೆಲವರು ಕಟ್ಟೆ ಮೇಲೆ ಕೂತಿದ್ದಾರೆ. ಅದರಲ್ಲೂ ಹೆಣ್ಣುಮಕ್ಕಳು. ಅವರನ್ನು ಯಾರೂ ಏನೂ ಕೇಳಲಿಲ್ಲ, ಯಾಕೆಂದರೆ ಅವರು ಜೈಲಿಗೆ ಹೋಗಲಿಲ್ಲ, ಶಿಬಿರಕ್ಕೆ ಹೋಗಲಿಲ್ಲ, ರೊಟ್ಟಿ ಬಡಿದರು, ಬಾಗಿಲಲ್ಲಿ ನಿಂತರು. ಕಾಲೇಜು ಹುಡುಗರ ಕೈಯಲ್ಲಿ ಫೋನ್ ಇದೆ. ಹೋಗಿ ಕೂತು ರೆಕಾರ್ಡ್ ಮಾಡಿಕೊಳ್ಳಲಿ, ಅವರ ಮಾತಿನಲ್ಲೇ, ತಿದ್ದದೆ. ಮುಂದಿನ ಸೆಪ್ಟೆಂಬರ್ 17ಕ್ಕೆ ಸನ್ಮಾನ ಆದ ಮೇಲೆ ಹತ್ತು ನಿಮಿಷ ಅಂಥ ಒಂದು ಅಜ್ಜಿಯ ದನಿ ಕೇಳಿಸಲಿ. ಹಿಂದೂ ಮನೆಯದ್ದೊಂದು, ಮುಸ್ಲಿಂ ಮನೆಯದ್ದೊಂದು. ನಿಮ್ಮ ಪತ್ರಿಕೆ ಇದಕ್ಕೆ ವಾರಕ್ಕೊಂದು ಕಾಲಂ ಜಾಗ ಕೊಟ್ಟರೆ ಬರೆದು ಕಳಿಸುವ ಮೇಷ್ಟ್ರುಗಳು ನಮ್ಮಲ್ಲಿ ಬಹಳ ಇದ್ದಾರೆ. ನಾನೇ ನಾಲ್ಕು ಊರು ತಿರುಗಲು ತಯಾರಿದ್ದೇನೆ.

ಆ ಹುಡುಗಿಗೆ ಸೋಮವಾರ ಹೇಳುತ್ತೇನೆ. ಎರಡು ಕಡೆಯೂ ಇದ್ದರು, ಒಂದೇ ಮನೆಯಲ್ಲಿ ಇದ್ದರು, ಕೂತು ಕೇಳು ಅಂತ.

ಇನ್ನು ಊರ ಹೆಸರು ಯಾಕೆ ಬರೆದಿಲ್ಲ ಅಂದರೆ, ಆ ಜಾಗದ ವಿಷಯದಲ್ಲಿ ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. ಮುಗಿಸುತ್ತೇನೆ. ಆದರೆ ಭಾಯಿಯ ಮಕ್ಕಳೋ ಮೊಮ್ಮಕ್ಕಳೋ ಹೈದರಾಬಾದಿನಲ್ಲಿ, ಅಥವಾ ಇಲ್ಲೇ ಕಲಬುರಗಿಯಲ್ಲಿ ಇರಬಹುದು, ಕನ್ನಡ ಓದುತ್ತಿರಬಹುದು. ಖಾಲಿ ಬೀಸುಕಲ್ಲಿನ ಸದ್ದು, ತೊಗರಿ ಹೊಟ್ಟಿನ ಕೋಣೆ ಅಂದರೆ ಅವರಿಗೆ ತಿಳಿಯುತ್ತದೆ. ಅವರಿಗೆ ಒಂದು ಮಾತು. 1975ರಲ್ಲಿ ಬಚ್ಚಲು ಕಟ್ಟಲು ಬೇವಿನ ಗಿಡದ ಬುಡ ಅಗೆದಾಗ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ ಎರಡು ಹಿತ್ತಾಳೆ ಬಿಲ್ಲೆ, ಬಟ್ಟೆಯಲ್ಲಿ ಸುತ್ತಿದ್ದವು. ಗುಂಪು ಬರುವ ಮೊದಲು ಮುತ್ಯಾ ತನ್ನದನ್ನೂ ಭಾಯಿಯದನ್ನೂ ಒಟ್ಟಿಗೆ ಹೂತಿದ್ದ. ನಮ್ಮ ಶಾಲೆಯ ಉರ್ದು ಟೀಚರ್‌ಗೆ ತೋರಿಸಿದೆ. ಎರಡರ ಮೇಲೂ ಸರ್ಕಾರ್-ಎ-ಆಲಿ, ಅಂದರೆ ನಿಜಾಮ ಸರ್ಕಾರ, ಅಂತ ಇದೆ, ಕೆಳಗಿನ ನಂಬರ್ ಸವೆದುಹೋಗಿದೆ. ಯಾವುದು ಮುತ್ಯಾನದ್ದು, ಯಾವುದು ಅವರದ್ದು ಅಂತ ನಮಗೆ ಗೊತ್ತಾಗುತ್ತಿಲ್ಲ. ನನ್ನ ವಿಳಾಸ ಪತ್ರಿಕೆ ಕಚೇರಿಯಲ್ಲಿದೆ. ಬಂದು ಎರಡರಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಂಡು ಹೋಗಲಿ.

ಒಬ್ಬ ಶಿಕ್ಷಕಿ, ಕಲಬುರಗಿ